ಏಪ್ರಿಲ್‌ನಲ್ಲಿ ನೀರು ಯಾರು ಹಾಕ್ತಾರೆ?

ಜೂನ್ ಹತ್ತಿರ ಬಂತೆಂದರೆ ನಮ್ಮ ಆಫೀಸಿಗೆ ಫೋನ್ ಶುರುವಾಗುತ್ತದೆ. ಪರಿಸರ ದಿನಕ್ಕೆ ಸಸಿ ನೆಡ್ತಿದ್ದೀವಿ, ನೀವು ಲ್ಯಾಂಡ್‌ಸ್ಕೇಪ್‌ನವರು, ಎಷ್ಟು ಜನ ಬರ್ತೀರಾ, ಸಸಿ ಎಷ್ಟು ಕೊಡ್ತೀರಾ ಅಂತ. ಕರೆಯುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನಾವು ಅವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ಮುಂದಿನ ಏಪ್ರಿಲ್‌ನಲ್ಲಿ ಅದಕ್ಕೆ ನೀರು ಯಾರು ಹಾಕ್ತಾರೆ?

ಉತ್ತರ ಇದ್ದರೆ ಇಡೀ ಆಫೀಸು ಹೋಗುತ್ತದೆ. ಇಲ್ಲದಿದ್ದರೆ ಕೂತು ಮಾತಾಡೋಣ ಬನ್ನಿ ಅನ್ನುತ್ತೇವೆ.

ನಮ್ಮದು ಮೈಸೂರಿನ ಒಂದು ಸಣ್ಣ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಆಫೀಸು. ಮನೆ, ಕಾಲೇಜು, ಫ್ಯಾಕ್ಟರಿ, ರೆಸಾರ್ಟ್‌ಗಳಿಗೆ ಹೊರಾಂಗಣ ವಿನ್ಯಾಸ ಮಾಡುತ್ತೇವೆ. ಇದರ ಜೊತೆಗೆ ತಿಂಗಳಿಗೊಂದು ಶನಿವಾರ ಎಲ್ಲರೂ ಕಂಪ್ಯೂಟರ್ ಮುಚ್ಚಿ ಊರಿನ ಕೆಲಸಕ್ಕೆ ಹೋಗುತ್ತೇವೆ. ಇದು ಹೇಗೆ ನಡೆಯುತ್ತೆ, ಯಾಕೆ ಹೀಗೇ ನಡೆಯಬೇಕು ಅಂತ ತುಂಬಾ ಜನ ಕೇಳಿದ್ದರಿಂದ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಮೊದಲು ಮಳೆ ವಿಷಯ. ಜೂನ್ 5ರ ಪರಿಸರ ದಿನ 1973ರಿಂದ ನಡೆದು ಬಂದಿದೆ, ಜುಲೈ ಮೊದಲ ವಾರದ ವನಮಹೋತ್ಸವ 1950ರಿಂದ. ಎರಡೂ ಮುಂಗಾರು ಶುರುವಾಗುವ ಹೊತ್ತಿಗೆ ಬರುತ್ತವೆ, ದೇಶದ ಬಹಳಷ್ಟು ಕಡೆಗೆ ಅದು ಸರಿ. ಆದರೆ ಮೈಸೂರಿನ ಮಳೆ ಲೆಕ್ಕ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ಮೇ ತಿಂಗಳ ಗುಡುಗು ಮಳೆಯದ್ದು ಒಂದು ದೊಡ್ಡ ಪಾಲು, ಸೆಪ್ಟೆಂಬರ್, ಅಕ್ಟೋಬರ್ ಮಳೆಯದ್ದು ಇನ್ನೊಂದು. ಕೊಡಗಿನಲ್ಲಿ ಧೋ ಅಂತ ಸುರಿಯುವ ಮುಂಗಾರು ನಮ್ಮ ಕಡೆ ಬರುವಷ್ಟರಲ್ಲಿ ಬರೀ ಮೋಡ, ಗಾಳಿ, ಒಂದಿಷ್ಟು ಜಿಟಿಜಿಟಿ. ಕೆಆರ್‌ಎಸ್ ತುಂಬಿದೆ ಅಂತ ಪೇಪರಿನಲ್ಲಿ ಓದುತ್ತೇವೆ, ನಮ್ಮ ರಸ್ತೆ ಬದಿ ಸಸಿ ಒಣಗಿ ನಿಂತಿರುತ್ತದೆ. ಮಂಡ್ಯದ ಕಡೆಯೂ ಹೆಚ್ಚು ಕಮ್ಮಿ ಇದೇ ಕಥೆ, ನಾಲೆ ನೀರು ಇದ್ದ ಕಡೆ ಬಿಟ್ಟರೆ.

ಹಾಗಾಗಿ ನಾವು ಮೇ ಮಳೆಗೆ ನೆಲ ಮೆತ್ತಗಾದಾಗ ಗುಂಡಿ ತೋಡುತ್ತೇವೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಮೇಲಿನ ಒಂದಡಿ ಮಣ್ಣನ್ನು ಒಂದು ಕಡೆ, ಕೆಳಗಿನ ಗರಸು ಮಣ್ಣನ್ನು ಇನ್ನೊಂದು ಕಡೆ ಗುಡ್ಡೆ ಹಾಕುತ್ತೇವೆ. ಗುಂಡಿ ಬಿಸಿಲು ಕಾಯಲಿ ಅಂತ ಬಿಟ್ಟು, ಮೇಲಿನ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಕಲಸಿ ತುಂಬುತ್ತೇವೆ. ಸಸಿ ಕೂರುವುದು ಸೆಪ್ಟೆಂಬರ್‌ನಲ್ಲಿ, ಮಳೆ ಹಿಡಿದ ಮೇಲೆ. ಜೂನ್‌ನಲ್ಲಿ ನೆಡಲೇಬಾರದು ಅಂತ ಏನಿಲ್ಲ. ನೆಟ್ಟರೆ ಜುಲೈ, ಆಗಸ್ಟ್‌ನಲ್ಲೂ ಕೊಡ ಹೊರಬೇಕಾಗುತ್ತದೆ, ಅಷ್ಟು ತಯಾರಿ ಇರಬೇಕು. ಯಾವ ತಿಂಗಳಲ್ಲಿ ನೆಟ್ಟರೂ ಎರಡು ಮೂರು ಬೇಸಿಗೆ ಕೈಯಲ್ಲಿ ನೀರುಣಿಸದೆ ಇಲ್ಲಿ ಮರ ಆಗುವುದಿಲ್ಲ.

ಶನಿವಾರ ಅಂದೆನಲ್ಲ, ಅದು ಆಫೀಸಿನ ಕೆಲಸದ ದಿನ. ಸಂಬಳ ಉಂಟು. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಭಾನುವಾರ ಬನ್ನಿ, ಸಮಾಜಸೇವೆ ಮಾಡೋಣ ಅಂತ ಕರೆಯುವ ಕಂಪನಿಗಳಿವೆ. ಮನೆಯಲ್ಲಿ ಬಟ್ಟೆ ಒಗೆಯುವುದಿರುತ್ತದೆ, ಮಕ್ಕಳ ಹೋಮ್‌ವರ್ಕ್ ಇರುತ್ತದೆ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಆ ಒಂದು ರಜೆಯನ್ನೂ ಕಿತ್ತುಕೊಂಡರೆ ಬರುವವರು ಯಾರು? ಬಾಸ್ ನೋಡ್ತಾರೆ ಅಂತ ಬರುವವರು. ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ನಿವ್ವಳ ಲಾಭ 5 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದವರಿಗೆ ಅದು ಅನ್ವಯ. ನಮ್ಮಂಥವರು ಆ ಲೆಕ್ಕಕ್ಕೆ ಎಲ್ಲೂ ಬರುವುದಿಲ್ಲ. ನಾವು ಕೊಡಬಹುದಾದದ್ದು ಹೊತ್ತು, ಮತ್ತೆ ನಮಗೆ ಗೊತ್ತಿರುವ ಕಸುಬು. ಡ್ರಾಯಿಂಗ್ ಮಾಡಲು ಬರುತ್ತದೆ, ಲೆವೆಲ್ ಹಿಡಿದು ನೀರು ಯಾವ ಕಡೆ ಹರಿಯುತ್ತೆ ಹೇಳಲು ಬರುತ್ತದೆ, ಯಾವ ಗಿಡ ಎಲ್ಲಿ ಬದುಕುತ್ತೆ ಅಂತ ಗೊತ್ತು. ಆಷಾಢ ಶುಕ್ರವಾರದ ಜನಸಂದಣಿ ಮುಗಿದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಹೆಕ್ಕಲು ನಾವೂ ಹೋಗುತ್ತೇವೆ, ಹೋಗಬೇಕು. ಆದರೆ ಅದು ಯಾರು ಬೇಕಾದರೂ ಮಾಡುವ ಕೆಲಸ. ನಮ್ಮ ವಿದ್ಯೆ ಬೇಕಿರುವ ಕಡೆ ಅದನ್ನು ಕೊಡುವುದು ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ.

ಒಂದು ಪಾರ್ಕಿನ ಕಥೆ ಹೇಳುತ್ತೇನೆ.

ಮೈಸೂರಿಗೆ ಬಡಾವಣೆ, ಪಾರ್ಕು ಹೊಸದೇನಲ್ಲ. 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಇದು. ರಸ್ತೆ ಎಲ್ಲಿ, ಸಾಲುಮರ ಎಲ್ಲಿ, ಬಯಲು ಎಲ್ಲಿ ಅಂತ ಯೋಚಿಸಿ ಕಟ್ಟಿದ ಊರು. ಪಾರ್ಕು, ಆಟದ ಮೈದಾನಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಕಾಯಲು ರಾಜ್ಯದಲ್ಲಿ 1985ರಿಂದ ಕಾಯ್ದೆಯೂ ಇದೆ. ಇಷ್ಟಿದ್ದೂ ಎಷ್ಟೋ ಬಡಾವಣೆಯ ಪಾರ್ಕುಗಳು ಹೇಗಿವೆ ನೋಡಿ. ಬೀಗ, ಒಣಗಿದ ಲಾನ್, ನೀರಿಲ್ಲದ ಕಾರಂಜಿ, ಬಣ್ಣ ಹೋದ ಜಿಮ್ ಸಾಮಾನು.

ಕುವೆಂಪುನಗರದ ಕಡೆಯ ಅಂಥದ್ದೊಂದು ಪಾರ್ಕಿಗೆ ಅಲ್ಲಿನ ನಿವಾಸಿಗಳು ನಮ್ಮನ್ನು ಕರೆದರು. ಹೊಸ ಪ್ಲ್ಯಾನ್ ಮಾಡಿಕೊಡಿ, ಪಾಲಿಕೆಗೆ ಕೊಡ್ತೀವಿ ಅಂದರು. ನಾವು ಎರಡು ಮೂರು ಸಂಜೆ ಸುಮ್ನೆ ಹೋಗಿ ಕೂತೆವು. ಯಾರು ಯಾವ ಗೇಟಿಂದ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಹುಡುಗರು ಎಲ್ಲಿ ಕಾಂಪೌಂಡ್ ಹಾರುತ್ತಾರೆ ಅಂತ ನೋಡಿದೆವು. ಆಮೇಲೆ ಆಫೀಸಿನಲ್ಲಿ ಕರಡು ಪ್ಲ್ಯಾನ್ ಒಂದು ತಯಾರಾಯಿತು. ಅದನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ ವಿವರಿಸುವ ಬದಲು ನಮ್ಮ ಆಫೀಸಿನ ಹುಡುಗಿಯೊಬ್ಬಳು ಹೇಳಿದಳು, ನೆಲದ ಮೇಲೇ ಬರೆದುಬಿಡೋಣ, ಇದ್ದ ಅಳತೆಗೇ. ಸೈಟಿನಲ್ಲಿ ಪಾಯ ಗುರುತು ಮಾಡುವ ಸುಣ್ಣದ ಪುಡಿ ನಮ್ಮಲ್ಲಿತ್ತು. ಅದು ಸಾಲದೆ ಹೋದಾಗ ಪಕ್ಕದ ಮನೆಯವರು ರಂಗೋಲಿ ಪುಡಿ ತಂದುಕೊಟ್ಟರು.

ಅಲ್ಲಿಂದ ಆ ಸಂಜೆ ಬೇರೆಯೇ ಆಯಿತು. ಪ್ರಿಂಟ್ ನೋಡಿದರೆ ಜನ ಚೆನ್ನಾಗಿದೆ ಸಾರ್ ಅಂದು ಹೋಗಿಬಿಡುತ್ತಾರೆ. ನೆಲದ ಮೇಲೆ ಗೆರೆ ಎಳೆದರೆ ಅದರ ಮೇಲೆ ನಡೆದು ನೋಡುತ್ತಾರೆ. ಒಬ್ಬರು ದಾರಿಯ ತಿರುವಿನಲ್ಲಿ ನಿಂತರು. "ಇಷ್ಟು ಚೂಪಾಗಿ ತಿರುಗಿದರೆ ನಮ್ಮತ್ತೆ ವೀಲ್‌ಚೇರ್ ತಿರುಗಲ್ಲ ಕಣ್ರೀ" ಅಂದರು. ಅಂದವರೇ ಬಗ್ಗಿ ನಮ್ಮ ಗೆರೆಯನ್ನು ಅಂಗೈಯಲ್ಲಿ ಒರೆಸಿದರು. ಹೆಬ್ಬೆರಳು ತೋರುಬೆರಳ ಸಂದಿಯಿಂದ ಪುಡಿ ಬಿಡುತ್ತಾ, ಒಂದೂ ಕಡೆ ಕೈ ನಡುಗದೆ, ಅಗಲವಾದ ಬಾಗು ಒಂದನ್ನು ಎಳೆದರು. ಟೇಪು ಹಿಡಿದು ನೋಡಿದರೆ ಆ ತಿರುವು ಸರಿಯಾಗಿಯೇ ಇತ್ತು. ನಮ್ಮ ಡ್ರಾಫ್ಟ್ಸ್‌ಮನ್ ಅದನ್ನು ಹಾಗೇ ಅಳೆದುಕೊಂಡು ಬಂದು ಕಂಪ್ಯೂಟರಿನ ಡ್ರಾಯಿಂಗ್‌ನಲ್ಲಿ ಕೂರಿಸಿದ. ವಯಸ್ಸಾದ ಒಬ್ಬರು ಕಲ್ಲುಬೆಂಚು ಬೇಡ, ಬೆನ್ನು ಒರಗಿಸಲು ಜಾಗ ಬೇಕು ಅಂದರು. ಮಕ್ಕಳು ತಾವು ಕಾಂಪೌಂಡ್ ಹಾರುವ ಜಾಗವನ್ನು ತಾವಾಗಿಯೇ ತೋರಿಸಿದರು, ಅಲ್ಲೊಂದು ಸಣ್ಣ ಗೇಟು ಬಂತು.

ಎಲ್ಲಕ್ಕಿಂತ ದೊಡ್ಡ ಮಾತು ಹೇಳಿದವರು ಆ ಪಾರ್ಕು ಗುಡಿಸುವ ಪೌರಕಾರ್ಮಿಕ ಅಕ್ಕ. ಅವರು ದೂರದಲ್ಲಿ ನಿಂತು ನೋಡುತ್ತಿದ್ದರು. ಬನ್ನಿ ಅಕ್ಕ, ನೀವು ಹೇಳಿ ಅಂತ ಕರೆದಾಗ ನಾನೇನು ಹೇಳ್ಲಿ ಅಂದರು. ಆಮೇಲೆ ನಾವು ಹೂಗಿಡಕ್ಕೆ ಅಂತ ಗುರುತು ಮಾಡಿದ್ದ ದೂರದ ಮೂಲೆ ಕಡೆ ಕೈ ತೋರಿಸಿ, "ನಲ್ಲಿ ಈ ಕಡೆ ಐತೆ. ಪೈಪು ಅಲ್ಲಿಗಂಟ ಬರಕಿಲ್ಲ" ಅಂದರು. ಅಷ್ಟೇ. ಪೈಪ್ ಬಿಚ್ಚಿ ಎಳೆದು ನೋಡಿದೆವು. ಅವರು ಹೇಳಿದ್ದು ನಿಜ. ನೀರು ಬೇಡುವ ಗಿಡಗಳೆಲ್ಲ ನಲ್ಲಿಯಿಂದ ಪೈಪ್ ಮುಟ್ಟುವಷ್ಟು ಜಾಗದೊಳಗೆ ಬಂದವು. ಆ ದೂರದ ಮೂಲೆಗೆ ಹೊಂಗೆ ಮತ್ತು ಕಕ್ಕೆ ಬಂತು, ಬೇರು ಹಿಡಿದ ಮೇಲೆ ಬಿಸಿಲು ತಡೆಯುವ ಮರಗಳು. ಅಕ್ಕನಿಗೆ ಪೊರಕೆ ಇಡಲು, ಕೂತು ಊಟ ಮಾಡಲು ನೆರಳಿನ ಒಂದು ಕಟ್ಟೆ ಆಯಿತು.

ಕಟ್ಟೆ ಅಂದಾಗ ನೆನಪಾಯಿತು. ಆ ಪಾರ್ಕಿನಲ್ಲಿ ಹಳೆಯ ಅರಳಿ ಮರ ಒಂದಿತ್ತು, ಬೇವಿನ ಜೊತೆ. ಅದಕ್ಕೆ ಕಟ್ಟೆ ಇರಲಿಲ್ಲ. ಜನ ಗಜೀಬೋ, ಅಂದರೆ ಸೂರಿರುವ ಸಣ್ಣ ಮಂಟಪ ಬೇಕು ಅಂತ ಕೇಳಿದ್ದರು. ಅರಳಿಕಟ್ಟೆ ಮಾಡೋಣವಾ ಅಂತ ಕೇಳಿದಾಗ ಗಜೀಬೋ ಮಾತು ಮತ್ತೆ ಬರಲೇ ಇಲ್ಲ. ನಮ್ಮ ಕಡೆಯ ಊರುಗಳಲ್ಲಿ ನ್ಯಾಯ, ಹರಟೆ, ಎಲೆ ಅಡಿಕೆ, ಬಸ್ಸಿಗೆ ಕಾಯುವುದು ಎಲ್ಲ ಅಲ್ಲೇ ನಡೆದದ್ದು, ಅಲ್ವಾ? ಎತ್ತರ 45 ಸೆಂಟಿಮೀಟರ್ ಇಟ್ಟೆವು, ಮಂಡಿ ನೋವಿನವರಿಗೆ ಏಳಲು ಸುಲಭ ಆಗಲಿ ಅಂತ. ಬೊಡ್ಡೆಗೂ ಕಟ್ಟೆಗೂ ನಡುವೆ ಒಂದು ಮೀಟರ್‌ಗಿಂತ ಜಾಸ್ತಿ ಮಣ್ಣು ಬಿಟ್ಟೆವು.

ಈ ಒಂದು ಮೀಟರ್ ಮಾತು ನಮ್ಮ ಇನ್ನೊಂದು ಶನಿವಾರದ ಕೆಲಸ. ಮೈಸೂರಿನ ಎಷ್ಟೋ ರಸ್ತೆಗಳಲ್ಲಿ ಫುಟ್‌ಪಾತ್‌ಗೆ ಪೇವರ್ ಬ್ಲಾಕ್ ಹಾಕುವಾಗ ಮರದ ಬೊಡ್ಡೆಗೆ ತಾಗಿಸಿ ಸಿಮೆಂಟ್ ಸುರಿದಿದ್ದಾರೆ. ಮರ ದಪ್ಪ ಆಗುತ್ತಾ ಹೋಗುತ್ತದೆ, ಸಿಮೆಂಟ್ ಜರುಗುವುದಿಲ್ಲ. ತೊಗಟೆ ಸಿಮೆಂಟಿನ ಮೇಲೆ ಉಬ್ಬಿ ಇಳಿಯುತ್ತದೆ. ನೀರು ಬೇರಿಗೆ ಹೋಗುವುದಿಲ್ಲ, ಗಾಳಿಯೂ ಇಲ್ಲ. ಜೋರು ಗಾಳಿ ಮಳೆಗೆ ಇಂಥ ಮರ ಬಿದ್ದಾಗ ಮರಕ್ಕೆ ವಯಸ್ಸಾಗಿತ್ತು ಅನ್ನುತ್ತಾರೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಮಾಡಿತು. ಅದೇ ಅಳತೆಯನ್ನು ನಾವೂ ಹಿಡಿದುಕೊಂಡಿದ್ದೇವೆ.

ಪಾಲಿಕೆಗೆ ಮೊದಲೇ ಪತ್ರ ಕೊಟ್ಟು, ಒಪ್ಪಿಗೆ ಬಂದ ಬೀದಿಗಳಲ್ಲಿ ಹಾರೆ ಹಿಡಿಯುತ್ತೇವೆ. ಹಾರೆಯನ್ನು ಬೊಡ್ಡೆಯ ಕಡೆಗೆ ಎಂದೂ ಚುಚ್ಚುವುದಿಲ್ಲ, ಹೊರಗಡೆಯಿಂದ ಮೀಟಿ ಸಿಮೆಂಟ್ ಚಕ್ಕೆ ಎಬ್ಬಿಸುತ್ತೇವೆ. ಬೇರು ಕಂಡ ಕೂಡಲೇ ಹಾರೆ ಪಕ್ಕಕ್ಕಿಟ್ಟು ಕೈಯಲ್ಲಿ ಮಣ್ಣು ಬಿಡಿಸುತ್ತೇವೆ. ಆಮೇಲೆ ಮೊಳೆ ಕೀಳುವುದು. ಟ್ಯೂಷನ್, ಪಿಜಿ, ಮನೆ ಬಾಡಿಗೆಗಿದೆ, ಬೋರ್‌ವೆಲ್ ಅಂತ ಎಷ್ಟು ಬೋರ್ಡು! ಬೋರ್ಡು ಹೋಗಿರುತ್ತದೆ, ಮೊಳೆ ಒಳಗೇ ಇರುತ್ತದೆ. ಒಂದು ಹೊಂಗೆ ಮರದಿಂದ ತೆಗೆದ ತಂತಿ ಎಷ್ಟು ಒಳಗೆ ಹೂತು ಹೋಗಿತ್ತೆಂದರೆ ಕಟ್ಟರ್‌ನಲ್ಲಿ ತುಂಡು ತುಂಡು ಮಾಡಿ ಬಿಡಿಸಬೇಕಾಯಿತು. ತೊಗಟೆ ನುಂಗಿಬಿಟ್ಟ ಭಾಗವನ್ನು ಹಾಗೇ ಬಿಟ್ಟೆವು, ಎಳೆದರೆ ಗಾಯ ದೊಡ್ಡದಾಗುತ್ತದೆ. ಬೀದಿಯವರು ಮೊದಲು ಬಾಗಿಲಲ್ಲಿ ನಿಂತು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಮಜ್ಜಿಗೆ ತರುತ್ತಾರೆ. ಹೊರಡುವ ಹೊತ್ತಿಗೆ ಆ ಪಾತಿಗೆ ಪಾತ್ರೆ ತೊಳೆದ ನೀರು ಹಾಕಬಹುದಾ ಅಂತ ಕೇಳುತ್ತಾರೆ. ಸೋಪು ಜಾಸ್ತಿ ಇಲ್ಲದ, ಅಕ್ಕಿ ಬೇಳೆ ತೊಳೆದ ನೀರು ಹಾಕಿ ಅನ್ನುತ್ತೇವೆ. ಏಪ್ರಿಲ್ ಪ್ರಶ್ನೆಗೆ ಅಲ್ಲೊಂದು ಉತ್ತರ ಸಿಕ್ಕಂತೆ.

2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ 40 ಮರಗಳನ್ನು ಕಡಿದಾಗ ಊರಿನ ಜನ ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಮರ ಕಡಿಯಲು ಅನುಮತಿ ಬೇಕು ಅನ್ನುವ ಕಾಯ್ದೆ ರಾಜ್ಯದಲ್ಲಿ 1976ರಿಂದಲೂ ಇದೆ. ಕಡಿದ ಮೇಲೆ ಆದ ಆ ಸಂಕಟ ನಿಜವಾದದ್ದು, ನನಗೂ ಆಯಿತು. ಇರುವ ಮರದ ಬುಡಕ್ಕೆ ಒಂದು ಮೀಟರ್ ಜಾಗ ಬಿಡಿಸುವ ಕೆಲಸಕ್ಕೂ ಅಷ್ಟೇ ಜನ ಬಂದರೆ ಎಷ್ಟು ಚೆನ್ನ.

ಇನ್ನು ಕೆರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಮಾಡದ ಮೈಸೂರಿನವರು ಕಮ್ಮಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ನಮ್ಮ ಆಫೀಸಿನವರು ಅಲ್ಲಿಗೆ ಹೋಗುವುದು ಕಲಿಯಲಿಕ್ಕೆ. ಬೈನಾಕ್ಯುಲರ್ ಒಬ್ಬರ ಕೈಯಲ್ಲಿ, ನೋಟ್‌ಬುಕ್ ಎಲ್ಲರ ಕೈಯಲ್ಲಿ. ಹೆಜ್ಜಾರ್ಲೆ ಯಾವ ಮರದ ಮೇಲೆ ಕೂರುತ್ತದೆ, ನೀರುಕಾಗೆ ಎಲ್ಲಿ ರೆಕ್ಕೆ ಒಣಗಿಸುತ್ತದೆ, ನಾಮದ ಕೋಳಿ ಜೊಂಡಿನ ಒಳಗೆ ಎಷ್ಟು ದೂರ ಹೋಗುತ್ತದೆ ಅಂತ ಬರೆದುಕೊಳ್ಳುತ್ತೇವೆ. ಒಣಮರ ಒಂದಿದ್ದರೆ ಅದನ್ನು ತೆಗೆಸಿ ಅನ್ನುವವರಿದ್ದಾರೆ. ಹಕ್ಕಿಗೆ ಅದೇ ಬೇಕು.

ಕೆರೆ ಅಭಿವೃದ್ಧಿ ಅಂದರೆ ಸುತ್ತ ಕಲ್ಲು ಕಟ್ಟಿ, ಒಳಗೆ ಹೂಳು ಪೂರ್ತಿ ಬಾಚಿ, ಬೋಗುಣಿ ಥರ ಮಾಡಿ ದೀಪ ಹಾಕುವುದು ಅಂತ ಎಷ್ಟೋ ಕಡೆ ಆಗಿದೆ. ಅಂಚು ಇಳಿಜಾರಾಗಿ, ಕಾಲು ಮುಳುಗುವಷ್ಟು ನೀರಿನ ಪಟ್ಟೆ ಇಲ್ಲದಿದ್ದರೆ ಕೊಕ್ಕರೆ ನಿಲ್ಲುವುದೆಲ್ಲಿ? ನಮ್ಮ ಹೊಸ ಹುಡುಗರಿಗೆ ಇದನ್ನು ಪುಸ್ತಕದಲ್ಲಿ ತೋರಿಸುವುದಕ್ಕಿಂತ ಏರಿ ಮೇಲೆ ನಿಲ್ಲಿಸಿ ತೋರಿಸಿದರೆ ತಲೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ರಂಗನತಿಟ್ಟಿಗೂ ಹೋಗುತ್ತೇವೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆ ಮೇಲೆ ಪಕ್ಷಿಧಾಮ ಆದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು. ಅಲ್ಲಿ ದೋಣಿ ನಡೆಸುವವರು ಹಕ್ಕಿ ಗೂಡಿನ ಬಗ್ಗೆ ಹೇಳುವ ಮಾತುಗಳನ್ನು ನಮ್ಮ ಇಂಟರ್ನ್‌ಗಳು ಪಾಠ ಕೇಳಿದ ಹಾಗೆ ಕೇಳುತ್ತಾರೆ.

ರಂಗನತಿಟ್ಟು ಇರುವ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನದ್ದೇ ಒಂದು ಸರ್ಕಾರಿ ಶಾಲೆ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ನಾವು ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದು.

ಅಲ್ಲಿನ ಮೇಷ್ಟ್ರು ಮೊದಲು ಕೇಳಿದ್ದು ಸ್ಕೂಲ್ ಮುಂದೆ ಲಾನ್ ಮತ್ತು ಬಣ್ಣದ ಕ್ರೋಟನ್ ಗಿಡ. ಹೋಗಿ ನೋಡಿದರೆ ಶಾಲೆಯ ಹಿಂದೆ ಕೆಸರು. ಬಿಸಿಯೂಟ ಆದ ಮೇಲೆ ಮಕ್ಕಳು ತಟ್ಟೆ ತೊಳೆಯುತ್ತಾರೆ. ಅಷ್ಟೂ ನೀರು ನಲ್ಲಿ ಕೆಳಗೇ ನಿಂತು ಸೊಳ್ಳೆ, ವಾಸನೆ. ಮಕ್ಕಳು ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಕುಪ್ಪಳಿಸಿಕೊಂಡು ನಲ್ಲಿ ಹತ್ತಿರ ಹೋಗುತ್ತಿದ್ದರು. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಸಾಂಬಾರಿಗೆ ಕರಿಬೇವು, ನುಗ್ಗೆಸೊಪ್ಪಿಗೆ ಯಾರ ಮನೆ ಹಿತ್ತಲಿಗೋ ಹೋಗಿ ಬರುತ್ತಿದ್ದರು. ನೀರು ಒಂದು ಕಡೆ, ಬೇಕಾದ ಗಿಡ ಇನ್ನೊಂದು ಕಡೆ.

ನಮ್ಮ ಸೈಟ್ ಸೂಪರ್‌ವೈಸರ್ ಲೆವೆಲ್ ಪೈಪ್ ಹಿಡಿದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿ ಎರಡು ಮಕ್ಕಳ ಕೈಗೆ ಕೊಟ್ಟು, ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತೆ ನೋಡಿ ಅಂತ ತೋರಿಸಿದರು. ಆ ಮಕ್ಕಳಿಗೆ ವಿಜ್ಞಾನದ ಒಂದು ಪಾಠ ಅಲ್ಲೇ ಆಯಿತು. ನಲ್ಲಿಯಿಂದ ಹಿತ್ತಲಿಗೆ ಸಣ್ಣ ಕಾಲುವೆ ತೆಗೆದೆವು. ಮೊದಲು ಅನ್ನದ ಅಗುಳು, ತರಕಾರಿ ಚೂರು ನಿಲ್ಲಲು ಜಾಲರಿ ಇಟ್ಟ ಒಂದು ಸಣ್ಣ ತೊಟ್ಟಿ, ಆಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ತುಂಬಿದ ಗುಂಡಿ, ಅದರಲ್ಲಿ ನೀರು ಸೋಸಲು ಕಾಬಾಳೆ ಹೂಗಿಡ. ಅಲ್ಲಿಂದ ಹೊರಟ ನೀರು ಬಾಳೆಗೆ, ನುಗ್ಗೆಗೆ, ಕರಿಬೇವಿಗೆ. ಜಾಲರಿ ತೆಗೆದು ಅಗುಳು ಗೊಬ್ಬರದ ಗುಂಡಿಗೆ ಹಾಕುವ ಕೆಲಸ ಏಳನೇ ಕ್ಲಾಸಿನವರದ್ದು, ವಾರಕ್ಕೊಂದು ಗುಂಪು. ಸೋಪಿನ ಪುಡಿ ಕಮ್ಮಿ ಮಾಡಿ ಸೀಗೆಪುಡಿ ಬಳಸಲು ಅಕ್ಕ ತಾವೇ ಶುರು ಮಾಡಿದರು.

ಆದರೆ ಶಾಲೆಗೆ ಏಪ್ರಿಲ್, ಮೇ ರಜೆ! ಮಕ್ಕಳಿಲ್ಲ, ಊಟ ಇಲ್ಲ, ತಟ್ಟೆ ತೊಳೆದ ನೀರೂ ಇಲ್ಲ. ಗಿಡಕ್ಕೆ ನೀರು ಬೇಕೇ ಬೇಕಾದ ತಿಂಗಳಲ್ಲೇ ಗೇಟಿಗೆ ಬೀಗ. ಇದನ್ನು ಊರಿನವರ ಸಭೆಯಲ್ಲಿ ಇಟ್ಟೆವು. ಶಾಲೆ ಗೋಡೆಗೆ ತಾಗಿ ಮನೆ ಇರುವ ಗೌಡರೊಬ್ಬರು, "ಅದ್ಯಾಕ್ ಅಷ್ಟೊಂದ್ ಯೋಚ್ನೆ ಮಾಡ್ತೀರಿ ಮೇಡಂ, ನಮ್ ಹಟ್ಟಿ ನೀರು ಗ್ವಾಡೆ ತೂತಿಂದ ಈ ಕಡೆ ಬುಟ್ರೆ ಆಯ್ತು ಬುಡಿ" ಅಂದರು. ಅವರ ಬಚ್ಚಲ ನೀರಿಗೆ ಅದುವರೆಗೂ ರಸ್ತೆಯೇ ಗತಿ ಆಗಿತ್ತು. ಗೋಡೆಗೆ ತೂತು ಮಾಡಿ ಪೈಪ್ ಕೊಟ್ಟೆವು. ಬಾಳೆ ಗೊನೆ ಬಿಟ್ಟಾಗ ಒಂದು ಗೊನೆ ಅವರ ಮನೆಗೆ, ಉಳಿದದ್ದು ಮಕ್ಕಳಿಗೆ. ಲಾನ್ ಮಾತು ಮೇಷ್ಟ್ರು ಮತ್ತೆ ಎತ್ತಲಿಲ್ಲ. ಮುಂದಿನ ಬಯಲು ಕಬಡ್ಡಿಗೆ ಹಾಗೇ ಉಳಿಯಿತು, ಸುತ್ತ ನೇರಳೆ ಮತ್ತು ಹೊಂಗೆ ಬಂತು.

ನೀರಿನ ವಿಷಯದಲ್ಲಿ ಮಂಡ್ಯ ಜಿಲ್ಲೆಯವರಿಗೆ ಹೇಳಿಕೊಡಲು ನಾವು ಯಾರು ಅಂತಲೂ ಅನ್ನಿಸುತ್ತದೆ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಾ ಬೆಟ್ಟದಲ್ಲಿ ನೀರಿನ ಕಟ್ಟೆಗಳನ್ನು ತೋಡುತ್ತಲೇ ಹೋದರು, ಪ್ರಾಣಿ ಪಕ್ಷಿಗೆ ನೀರಿರಲಿ ಅಂತ. 2022ರಲ್ಲಿ ತೀರಿಕೊಂಡರು. ಮಳೆ ನೀರು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ನೋಡಿ ಕಲಿತವರು. ನಮ್ಮ ಆಫೀಸಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವ ಹೆಸರುಗಳಲ್ಲಿ ಅವರದೂ ಒಂದು. ಕೆಆರ್‌ಎಸ್‌ನ ಬೃಂದಾವನ ಉದ್ಯಾನ ಮಾಡಿದ ಮಿರ್ಜಾ ಇಸ್ಮಾಯಿಲ್, ಕ್ರುಂಬಿಗಲ್ ಹೆಸರುಗಳ ಜೊತೆಗೇ ಹೇಳುತ್ತೇನೆ.

ಆಫೀಸಿನ ಒಳಗೆ ಇದರಿಂದ ಏನಾಯಿತು ಅಂತ ಕೇಳುತ್ತಾರೆ. ಬಹಳ ಆಯಿತು. ನಮ್ಮಲ್ಲಿ ಹಿರಿಯ ಮಾಲಿ ಒಬ್ಬರಿದ್ದಾರೆ. ಶನಿವಾರ ಅವರೇ ಯಜಮಾನರು. ಡಿಗ್ರಿ ಇರುವವರೆಲ್ಲ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಕಲಿಯುತ್ತೇವೆ. ಸಸಿಯ ಪಾಲಿಥಿನ್ ಕವರನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ತೆಗೆಯುವುದು, ಕವರಿನ ತಳದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸುವುದು. ಹಾಗೇ ನೆಟ್ಟರೆ ಬೇರು ಮಣ್ಣೊಳಗೂ ಸುತ್ತುತ್ತಲೇ ಇರುತ್ತದೆ, ಮರ ದೊಡ್ಡದಾದ ಮೇಲೆ ಗಾಳಿಗೆ ಬೀಳುತ್ತದೆ. ಅಕೌಂಟ್ಸ್ ನೋಡುವ ನಮ್ಮ ಮೇಡಂ ಈಗ ಈ ಕೆಲಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಳಗಿದ್ದಾರೆ. ನರ್ಸರಿಗೆ ಹೋದರೆ ಸಸಿಯನ್ನು ಬುಡ ಹಿಡಿದು ಅಲುಗಾಡಿಸಿ, ತಳದ ತೂತು ನೋಡಿ, ಬೇರು ಹೊರಗೆ ಬಂದಿದ್ದರೆ ಬೇಡ ಅನ್ನುತ್ತಾರೆ. ಬಿಲ್ ಹಾಕುವವರಿಗೂ ಸಸಿ ಗೊತ್ತಿರುವುದು ಎಷ್ಟು ದೊಡ್ಡ ಲಾಭ!

ದಸರಾ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಎಲ್ಲರೂ ಮನೆಯವರ ಸಮೇತ ಹೋಗುತ್ತೇವೆ. ಆಯುಧಪೂಜೆಗೆ ವಾರ ಮುಂಚೆ ಗುದ್ದಲಿ, ಪಿಕಾಸಿಗಳಿಗೆ ಹೊಸ ಕಾವು ಹಾಕಿಸುವುದು, ಕತ್ತರಿ ಸಾಣೆ ಹಿಡಿಸುವುದು. ಪೂಜೆಯ ದಿನ ನೆಲದ ಮಟ್ಟ ನೋಡುವ ಡಂಪಿ ಲೆವೆಲ್, ಡ್ರಾಯಿಂಗ್ ಪ್ರಿಂಟ್ ಹಾಕುವ ಪ್ಲಾಟರ್, ಹಾರೆ, ಬಾಂಡ್ಲಿ ಎಲ್ಲ ಒಂದೇ ಸಾಲಿನಲ್ಲಿ, ಒಂದೇ ಕುಂಕುಮ, ಒಂದೇ ಸೇವಂತಿಗೆ ಹಾರ. ಬೂದುಗುಂಬಳ ಒಡೆಯುವುದು ಮಾಲಿಯವರೇ.

ಇನ್ನೊಂದು ಬದಲಾವಣೆ ಡ್ರಾಯಿಂಗ್‌ನಲ್ಲೇ ಬಂದಿದೆ. ಈಗ ನಮ್ಮ ಪ್ರತಿ ಗಿಡದ ಪ್ಲ್ಯಾನ್‌ನಲ್ಲಿ ನಲ್ಲಿ ಎಲ್ಲಿದೆ, ಪೈಪ್ ಎಷ್ಟು ದೂರ ಮುಟ್ಟುತ್ತೆ ಅಂತ ಒಂದು ವೃತ್ತ ಇರುತ್ತದೆ. ಮೂಲೆಯಲ್ಲಿ ಒಂದು ಸಾಲು: ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು. ಹಣ ಕೊಡುವ ಕ್ಲೈಂಟ್‌ಗಳಿಗೂ ಇದೇ. ಆ ಸಾಲು ಖಾಲಿ ಇದ್ದರೆ ಡ್ರಾಯಿಂಗ್ ಆಫೀಸಿನಿಂದ ಹೊರಗೆ ಹೋಗುವುದಿಲ್ಲ. ಬೇಗ ಹಸಿರು ಕಾಣಲಿ ಅಂತ ಕೊನೊಕಾರ್ಪಸ್ ಅನ್ನುವ ಹೊರದೇಶದ ಗಿಡ ಕೇಳುವವರಿಗೆ ಗುಜರಾತಿನಲ್ಲಿ 2023ರಲ್ಲಿ ಅದನ್ನು ನಿಷೇಧಿಸಿದ್ದನ್ನು ತಿಳಿಸಿ, ಹಳೆಯ ಹೊಂಗೆ ಸಾಲೊಂದಕ್ಕೆ ಮಧ್ಯಾಹ್ನದ ಹೊತ್ತಿಗೆ ಕರೆದುಕೊಂಡು ಹೋಗುತ್ತೇವೆ. ಮಾರ್ಚ್, ಏಪ್ರಿಲ್‌ನಲ್ಲಿ ಬೇರೆ ಮರ ಬೋಳಾಗಿ ನಿಂತಾಗ ಹೊಂಗೆ ಹೊಸ ಎಲೆ ಹೊತ್ತಿರುತ್ತದೆ. ನೆರಳಲ್ಲಿ ಐದು ನಿಮಿಷ ನಿಂತರೆ ಸಾಕು, ಜಾಸ್ತಿ ಮಾತು ಬೇಕಾಗುವುದಿಲ್ಲ.

ಬೇರೆ ಆಫೀಸಿನವರು ಶುರು ಮಾಡಬೇಕು ಅಂತಿದ್ದರೆ ಒಂದೇ ಒಂದು ಜಾಗ ಆರಿಸಿಕೊಳ್ಳಿ, ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರದ್ದು. ದೂರದ್ದಾದರೆ ಮೊದಲ ವರ್ಷ ಉತ್ಸಾಹ ಇರುತ್ತದೆ, ಎರಡನೇ ಬೇಸಿಗೆಗೆ ಗಾಡಿ ಹೊರಡುವುದಿಲ್ಲ. ಅಲ್ಲಿ ದಿನಾ ಇರುವವರನ್ನು, ಗುಡಿಸುವವರನ್ನು, ಕಾವಲಿನವರನ್ನು, ಚುರುಮುರಿ ಗಾಡಿಯವರನ್ನು ಮೊದಲು ಮಾತಾಡಿಸಿ. ಬ್ಯಾನರ್ ದುಡ್ಡಿನಲ್ಲಿ ಪೈಪ್ ತಗೊಳ್ಳಿ.

ಈ ಸೆಪ್ಟೆಂಬರ್‌ಗೆ ಕುವೆಂಪುನಗರದ ಆ ಪಾರ್ಕಿನ ಪೂರ್ವದ ಅಂಚಿಗೆ ರಂಜ (ಬಕುಳ) ನೆಡಬೇಕೆಂದಿದ್ದೇವೆ. ಗುಂಡಿ ತಯಾರಿದೆ, ಗೊಬ್ಬರ ಬಂದಿದೆ, ನೀರಿಗೆ ಎದುರಿನ ನಾಲ್ಕು ಮನೆಯವರು ಒಪ್ಪಿದ್ದಾರೆ. ಸಸಿ ಮಾತ್ರ ಸಿಗುತ್ತಿಲ್ಲ. ಆರಡಿ ಮೇಲಿರಬೇಕು, ಕಾಂಡ ನೇರ ಇರಬೇಕು, ಕವರ್ ದೊಡ್ಡದಿರಬೇಕು. ಮೈಸೂರು, ಮಂಡ್ಯ ಸುತ್ತಮುತ್ತ ಯಾವುದಾದರೂ ನರ್ಸರಿಯಲ್ಲಿ ಕಂಡರೆ ದಯವಿಟ್ಟು ತಿಳಿಸಿ, ನಮ್ಮ ಮಾಲಿಯವರೂ ಅಕೌಂಟ್ಸ್ ಮೇಡಮ್ಮೂ ಬಂದು ನೋಡುತ್ತಾರೆ.